ಅಲ್ಪವಿರಾಮನ ರಾಜೀನಾಮೆ

ಒದ್ದೆ ಹೊದಿಕೆಯ ಒಂದು ತುದಿ ಹೆಂಡತಿಯ ಕೈಯಲ್ಲಿತ್ತು, ಇನ್ನೊಂದು ತುದಿ ಗಂಡನ ಕೈಯಲ್ಲಿ. ಅವಳು ಬಲಕ್ಕೆ, ಇವನು ಎಡಕ್ಕೆ, ಎದುರುಬದುರು ನಿಂತು ಹಿಂಡುತ್ತಿದ್ದರು. ಬಸಿದ ನೀರು ಬಾಲ್ಕನಿಯ ಅಂಚಿನಿಂದ ಕೆಳಮನೆಯ ಕಿಟಕಿಗೆ ತೊಟ್ಟಿಕ್ಕುತ್ತಿತ್ತು. ಆಕಾಶ ಒಲೆ ಒರೆಸಿದ ಮಸಿಬಟ್ಟೆಯ ಹಾಗಿತ್ತು. ಹೊದಿಕೆ ಒಣಗುತ್ತದೆಂಬ ಭರವಸೆ ಇಬ್ಬರಿಗೂ ಇರಲಿಲ್ಲ.

"ಇವತ್ತು ಶುಕ್ರವಾರ," ಎಂದಳು ಹೆಂಡತಿ.

"ಗೊತ್ತು."

"ಭಾನುವಾರ ಲಾರಿ ಬರುತ್ತೆ. ಅದರಲ್ಲಿ ನಾನಿರ್ತೀನಿ, ಮಗಳಿರ್ತಾಳೆ, ಈ ಹೊದಿಕೆ ಇರುತ್ತೆ. ನೀವಿರ್ತೀರೋ ಇಲ್ವೋ ಅದು ಗೊತ್ತಾಗ್ಬೇಕು."

"ಇರ್ತೀನಿ ಕಣೇ."

"ಎರಡು ವರ್ಷದಿಂದ ಇರ್ತೀನಿ ಕಣೇ ಅಂತಿದ್ದೀರ."

ಅವಳು ಊರಿನ ಕುಡಿಯುವ ನೀರನ್ನು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಸಮುದ್ರದ ಕಡೆಯ ಊರಿಗೆ ವರ್ಗವಾದಾಗ ಎರಡು ಸಲ ಗಂಡನಿಗೋಸ್ಕರ ಬೇಡವೆಂದು ಬರೆದುಕೊಟ್ಟಿದ್ದಳು. ಮೂರನೆಯ ಸಲ ಬೇಡವೆನ್ನುವ ಹಾಗಿರಲಿಲ್ಲ. ಅಲ್ಲಿ ಮನೆ ಸಿಕ್ಕಿತ್ತು, ಮಗಳಿಗೆ ಶಾಲೆ ಸಿಕ್ಕಿತ್ತು, ಗಂಡನಿಗೂ ಒಂದು ಪಾಲಿಟೆಕ್ನಿಕ್‌ನಲ್ಲಿ ಮೇಷ್ಟರ ಕೆಲಸ ಸಿಕ್ಕಿತ್ತು. ಅಲ್ಲಿನ ಪ್ರಾಂಶುಪಾಲರು ಮೂರು ವಾರದಲ್ಲಿ ಮೂರು ಪತ್ರ ಬರೆದಿದ್ದರು. ಮೊದಲನೆಯದು ವಿನಯದ್ದು, ಎರಡನೆಯದು ನೆನಪಿಸುವುದು. ಮೂರನೆಯದರಲ್ಲಿ, "ಶುಕ್ರವಾರ ಸಂಜೆ ಆರರೊಳಗೆ ಬರುತ್ತೀರೋ ಇಲ್ಲವೋ ಒಂದು ಸಾಲು ತಿಳಿಸಿ, ಬರುವುದಾದರೆ ಈಗಿನ ಕಚೇರಿಯ ಬಿಡುಗಡೆ ಪತ್ರ ಜೊತೆಗಿರಲಿ, ಇಲ್ಲದಿದ್ದರೆ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ" ಎಂದಿತ್ತು. ಅವನು ಒಂದಕ್ಕೂ ಉತ್ತರ ಬರೆದಿರಲಿಲ್ಲ. ರಾಜೀನಾಮೆ ಕಳಿಸದೆ ಉತ್ತರ ಬರೆಯುವುದು ಹೇಗೆ?

ರಾಜೀನಾಮೆಯೇನೋ ಎರಡು ವರ್ಷದ ಹಿಂದೆಯೇ ಬರೆದಾಗಿತ್ತು. ಈಗ ಅದು ಇಪ್ಪತ್ತಮೂರನೆಯ ತಿದ್ದುಪಡಿಯಲ್ಲಿತ್ತು.

ಬೇರೆಯವರು ಕಂಪ್ಯೂಟರಿಗೆಂದು ಬರೆದ ಬರಹವನ್ನು ಓದಿ ತಪ್ಪು ಹುಡುಕುವುದು ಅವನ ಉದ್ಯೋಗ. ಉದ್ಯೋಗ ಮೈಗೆ ಹತ್ತಿ ಚಟವಾಗಿತ್ತು. ಔಷಧದ ಬಾಟಲಿಯ ಚೀಟಿಯನ್ನೂ ತಿದ್ದುತ್ತಿದ್ದ, ತನ್ನ ಮದುವೆಯ ಕರೆಯೋಲೆಯನ್ನೂ ಎರಡು ಸಲ ವಾಪಸು ಕಳಿಸಿದ್ದ. ಸಾವಿನ ಮನೆಗೆ ಹೋದವನು ಗೋಡೆಯ ಮೇಲೆ 'ಶೃದ್ಧಾಂಜಲಿ' ಎಂದಿದ್ದನ್ನು ಕಂಡು, ಅಳುವವರ ನಡುವೆ ಜಾಗ ಮಾಡಿಕೊಂಡು ಹೋಗಿ, ಜೇಬಿನಿಂದ ಪೆನ್ನು ತೆಗೆದು 'ಶ್ರದ್ಧಾಂಜಲಿ' ಮಾಡಿ ಬಂದಿದ್ದ. ಸತ್ತವರ ಮಗ ಆಮೇಲೆ ಒಂದು ವರ್ಷ ಮಾತಾಡಿಸಿರಲಿಲ್ಲ. ಕಚೇರಿಯಲ್ಲಿ ಅವನಿಗೆ ಅಲ್ಪವಿರಾಮ ಎಂದೇ ಹೆಸರು. ಎಲ್ಲಿ ಹೋದರೂ ಒಂದು ಕ್ಷಣ ನಿಂತು, ಬೇರೆಯವರನ್ನೂ ನಿಲ್ಲಿಸುತ್ತಾನೆ ಅಂತ.

"ಇವತ್ತೇನು ಕಷ್ಟ ಇಲ್ಲ," ಎಂದ ಅಲ್ಪವಿರಾಮ, ಹೊದಿಕೆಗೆ ಕೊನೆಯ ತಿರುವು ಕೊಡುತ್ತ. "ಆ ಬರಹದ ಹೊಣೆಗಾರರ ಪಟ್ಟಿಯಲ್ಲಿ ಇರೋನು ನಾನೊಬ್ಬನೇ, ಅಲ್ಲಿಂದ ನನ್ನ ಹೆಸರು ತೆಗೆದ್ರೆ ಕಚೇರಿಯ ಮೇಡಂ ಬಿಡುಗಡೆ ಪತ್ರಕ್ಕೆ ಸಹಿ ಹಾಕ್ತಾರೆ. ಹೆಸರು ತೆಗೆಯೋದೂ ಒಂದು ತಿದ್ದುಪಡಿನೇ, ರಾಜೀನಾಮೆ ಅದರ ಜೊತೆಗೇ ಹೋಗುತ್ತೆ. ನಾನು ಕಳಿಸ್ಬೇಕು, ಇನ್ನೊಬ್ಬರು ಯಾರಾದ್ರೂ 'ಒಪ್ಪಿದೆ' ಅನ್ಬೇಕು, ಅಷ್ಟೆ. ನಮ್ಮ ಕಚೇರಿಯ ಧಿಡೀರ್‌ಗೆ ಹೇಳಿಟ್ಟಿದ್ದೀನಿ. ಎರಡು ನಿಮಿಷದ ಕೆಲಸ."

"ಹಾಗಾದ್ರೆ ಈಗಲೇ ಕಳಿಸಿ. ಫೋನು ಜೇಬಲ್ಲೇ ಇದೆಯಲ್ಲ."

ಅವನು ಒಂದು ಕೈಯಲ್ಲಿ ಹೊದಿಕೆ ಹಿಡಿದು ಇನ್ನೊಂದು ಕೈಯಲ್ಲಿ ಫೋನು ತೆರೆದ. ಓದಿದ. ಹುಬ್ಬು ಗಂಟಿಕ್ಕಿತು.

"ಏನಾಯ್ತು?"

"'ವೈಯಕ್ತಿಕ ಕಾರಣಗಳಿಂದ' ಅಂತ ಬರೆದಿದ್ದೀನಿ. ಕಾರಣ ಇರೋದು ಒಂದೇ. ಬಹುವಚನ ಯಾಕೆ?"

"ರೀ, ನಾನು ಒಂದು, ಮಗಳು ಒಂದು. ಎರಡಾಯ್ತು. ಕಳಿಸಿ."

ಕಳಿಸುತ್ತಿದ್ದನೇನೋ. ಅಷ್ಟರಲ್ಲಿ ಫೋನು ಕೈಯಲ್ಲೇ ಗುಂಯ್‌ಗುಟ್ಟಿತು. ಬೆಚ್ಚಿದ ಅಲ್ಪವಿರಾಮ ಫೋನು ಉಳಿಸಿಕೊಂಡು ಹೊದಿಕೆ ಬಿಟ್ಟ. ಅದು ನಿಧಾನವಾಗಿ ಬಿಚ್ಚಿಕೊಂಡು, ಕಿಟಕಿಗೆ ಯಾರು ನೀರು ಹುಯ್ಯುತ್ತಿದ್ದಾರೆಂದು ನೋಡಲು ತಲೆ ಹೊರಹಾಕಿದ್ದ ಕೆಳಮನೆಯ ಅಂಕಲ್‌ರ ಮೇಲೆ ಮುಸುಕಿನಂತೆ ಇಳಿಯಿತು.

ಫೋನಿನಲ್ಲಿ ಯಂತ್ರಕೋಣೆಯ ಅಕ್ಕ ಇದ್ದರು. ಅವರು ಯಾವತ್ತೂ ಗಾಬರಿಯಾಗುವವರಲ್ಲ. ಮನೆಗೆ ಬೆಂಕಿ ಬಿದ್ದರೂ 'ಸ್ವಲ್ಪ ಬೆಚ್ಚಗಾಗ್ತಿದೆ' ಎನ್ನುವ ಪೈಕಿ. "ಸರ್, ಎಲ್ಲಾ ಮಲಗಿಬಿಟ್ಟಿವೆ. ಬಂದ್ರೆ ಒಳ್ಳೇದು," ಎಂದರು.

ಕೆಳಗಿನಿಂದ ಹೊದಿಕೆಯೊಳಗಿನ ದನಿ ಬಂತು. "ಏನಪ್ಪಾ ಡ್ರೈವರೂ, ಕರ್ನಲ್ ಸಾಹೇಬರು ಕರೆದ್ರಾ?"

ಇದಕ್ಕೊಂದು ಹಿನ್ನೆಲೆಯಿದೆ. ಕಂಪ್ಯೂಟರಿನ ಒಳತಿರುಳಿಗೆ ಅವರ ಮಾತಿನಲ್ಲಿ ಕರ್ನೆಲ್ ಎನ್ನುತ್ತಾರೆ. ಆ ತಿರುಳಿಗೂ ಹೊರಗಿನ ಸಲಕರಣೆಗೂ ನಡುವೆ ನಿಂತು ಮಾತು ದಾಟಿಸುವ ಬರಹಕ್ಕೆ ಡ್ರೈವರ್ ಎನ್ನುತ್ತಾರೆ. ಆರು ವರ್ಷದ ಹಿಂದೆ ಅಂಕಲ್ "ಏನು ಕೆಲಸ?" ಎಂದು ಕೇಳಿದಾಗ ಅಲ್ಪವಿರಾಮ "ಕರ್ನೆಲ್ ಡ್ರೈವರ್" ಎಂದಿದ್ದ. ಕೋರ್ಟಿನಲ್ಲಿ ಮೂವತ್ತನಾಲ್ಕು ವರ್ಷ ಟೈಪು ಕುಟ್ಟಿ ನಿವೃತ್ತರಾದ ಅಂಕಲ್‌ಗೆ ಕಿವಿ ಸ್ವಲ್ಪ ಮಂದ, ಕಲ್ಪನೆ ಚುರುಕು. ಯಾವುದೋ ದಂಡಿನ ಕರ್ನಲ್ ಸಾಹೇಬರ ಕಾರು ಓಡಿಸುತ್ತಾನೆ ಎಂದು ತಿಳಿದರು. ಕಾರು ಯಾವತ್ತೂ ಕಣ್ಣಿಗೆ ಬೀಳದಿದ್ದದ್ದಕ್ಕೆ, ಅದು ಗುಟ್ಟಿನ ಕೆಲಸವಿರಬೇಕೆಂದು ತಾವೇ ಸಮಾಧಾನ ಹೇಳಿಕೊಂಡಿದ್ದರು. ಅಲ್ಪವಿರಾಮ ಎರಡು ಸಲ ತಿದ್ದಲು ಹೋಗಿ ಕೈಬಿಟ್ಟಿದ್ದ. ಜೀವಮಾನದಲ್ಲಿ ಅವನು ತಿದ್ದದೆ ಬಿಟ್ಟ ತಪ್ಪು ಅದೊಂದೇ.

"ಹೌದು ಅಂಕಲ್, ಕರೆದ್ರು," ಎನ್ನುತ್ತ ಅವನು ಕೋಟು, ಬುತ್ತಿ ಎತ್ತಿಕೊಂಡು ಮೆಟ್ಟಿಲಿಳಿದು ಓಡಿದ.

ಮೇಲಿನಿಂದ ಹೆಂಡತಿ, ಯಾರಿಗೂ ಅಲ್ಲ ಎಂಬಂತೆ, "ಆ ಸಾಹೇಬರಿಗೆ ಇವರು ಕೆಲಸ ಬಿಡ್ತೀನಿ ಅಂತ ಹೇಳೋಕೆ ಎರಡು ವರ್ಷದಿಂದ ಬಾಯಿ ಬರ್ತಿಲ್ಲ ಅಂಕಲ್," ಎಂದಳು. ಅಂಕಲ್ ಮುಸುಕು ತೆಗೆದು ಮೇಲೆ ನೋಡಿದರು. ಅವರ ಮುಖದಲ್ಲಿ ಪರೋಪಕಾರದ ಕಳೆ ಮೂಡಿತು.

ಯಂತ್ರಕೋಣೆ ಯಾವಾಗಲೂ ಚಳಿ. ಅಕ್ಕ ಶಾಲು ಹೊದ್ದು ಕೂತಿದ್ದರು. ಎರಡು ಸಾಲಿನ ಕಪಾಟುಗಳಲ್ಲಿ ಹದಿನೆಂಟು ಯಂತ್ರಗಳ ಫ್ಯಾನು ತಿರುಗುತ್ತಿದ್ದವು, ದೀಪ ಉರಿಯುತ್ತಿದ್ದವು, ಕೆಲಸ ಮಾತ್ರ ನಡೆಯುತ್ತಿರಲಿಲ್ಲ. ಮೇಷ್ಟರು ಬಾರದ ತರಗತಿಯ ಹಾಗೆ. ಒಂದು ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಚಿತ್ರಗಳನ್ನು ಇನ್ನೊಂದು ಕಟ್ಟಡದಲ್ಲಿ ಕೂತ ಡಾಕ್ಟರರಿಗೆ ತಲುಪಿಸುವ ಯಂತ್ರಗಳು ಅವು.

"ಆಸ್ಪತ್ರೆಯವರು ನಾಲ್ಕು ಸಲ ಫೋನ್ ಮಾಡಿದ್ರು," ಎಂದರು ಅಕ್ಕ. "ಆ ಕೊಳವೆಯೊಳಗೆ ಒಬ್ಬ ಹೆಂಗಸನ್ನ ಮಲಗಿಸಿದ್ದಾರಂತೆ. ಚಿತ್ರ ಸರಿಯಾಗಿ ಬಂತು ಅಂತ ಡಾಕ್ಟರು ಹೇಳೋ ತನಕ ಎಬ್ಬಿಸೋ ಹಾಗಿಲ್ಲ. ಅಲ್ಲಾಡಬೇಡಿ ಅಂದಿದ್ದಾರೆ, ಪಾಪ ಮುಕ್ಕಾಲು ಗಂಟೆಯಿಂದ ಅಲ್ಲಾಡಿಲ್ಲ."

ಅಲ್ಪವಿರಾಮ ಕೋಟು ಬಿಚ್ಚದೆ ಕೂತ.

ಈ ಯಂತ್ರಗಳ ವಿಶೇಷ ಇಷ್ಟು. ಸಾಮಾನ್ಯ ಯಂತ್ರ ಇನ್ನೊಂದರಿಂದ ಏನಾದರೂ ಬೇಕಾದರೆ ಬಾಗಿಲು ತಟ್ಟಿ ಕೇಳುತ್ತದೆ. ಅದು ಎದ್ದು, ಹುಡುಕಿ, ತಂದು ಕೊಡುತ್ತದೆ. ಇವು ಹಾಗಲ್ಲ. ನೆರೆಮನೆಯವಳು ನಿಮ್ಮನ್ನು ಕೂಗದೆ ಹಿತ್ತಲ ಬಾಗಿಲಿಂದ ಬಂದು, ಸಕ್ಕರೆ ಡಬ್ಬಿಗೆ ಕೈಹಾಕಿ, ಬೇಕಾದಷ್ಟು ತೆಗೆದುಕೊಂಡು ಹೋದ ಹಾಗೆ, ಒಂದರ ನೆನಪಿನ ಗೂಡಿಗೆ ಇನ್ನೊಂದು ದೂರದಿಂದಲೇ ಕೈಹಾಕುತ್ತದೆ. ಮನೆಯವರಿಗೆ ಎಚ್ಚರವೇ ಆಗುವುದಿಲ್ಲ. ವೇಗವೇನೋ ಹೇಳತೀರದು. ಆದರೆ ಅವಳು ಕಣ್ಣುಮುಚ್ಚಿ ಕೈಹಾಕುವ ಹೊತ್ತಿಗೆ ನೀವು ಸಕ್ಕರೆ ಡಬ್ಬಿ ಸರಿಸಿ ಅಲ್ಲಿ ಉಪ್ಪಿನ ಡಬ್ಬಿ ಇಟ್ಟಿದ್ದರೆ ಗತಿಯೇನು? ಅದಕ್ಕೇ ಡ್ರೈವರ್ ಮೊದಲು ಡಬ್ಬಿಗಳಿಗೆ ಮೊಳೆ ಹೊಡೆದು ಗೂಡಿಗೆ ಕಚ್ಚಿಸುತ್ತದೆ. ಕೆಲಸ ಮುಗಿದ ಮೇಲೆ ಮೊಳೆ ಕೀಳಬೇಕು. ಕೀಳುವುದನ್ನು ಮರೆತರೆ ಡಬ್ಬಿ ಅಲ್ಲೇ ಉಳಿಯುತ್ತದೆ, ಬಳಸುವ ಹಾಗಿಲ್ಲ, ಸರಿಸುವ ಹಾಗೂ ಇಲ್ಲ. ಹೀಗೆ ಒಂದೊಂದಾಗಿ ಉಳಿದು, ಕೊನೆಗೆ ಅಡುಗೆಮನೆಯಲ್ಲಿ ಒಂದು ಲೋಟ ಇಡಲೂ ಜಾಗವಿಲ್ಲದೆ ಸಂಸಾರವೇ ನಿಂತುಹೋಗುತ್ತದೆ.

ಈಗ ಆಗಿದ್ದು ಅದೇ. ಮೊಳೆ ಹೊಡೆಸಿಕೊಂಡ ಡಬ್ಬಿಗಳ ಲೆಕ್ಕ ನಿನ್ನೆ ಸಂಜೆ ಏಳರಿಂದ ಏರುತ್ತ ಏರುತ್ತ ಬೆಳಿಗ್ಗೆ ಏಳಕ್ಕೆ ಗೂಡು ತುಂಬಿತ್ತು. ಹನ್ನೆರಡು ತಾಸು. ನಿನ್ನೆ ಸಂಜೆ ಏಳು ಗಂಟೆಗೆ ಏನಾಯಿತು ಎಂದು ಹುಡುಕಿದ. ಧಿಡೀರನ ಒಂದು ತಿದ್ದುಪಡಿ ಒಳಗೆ ಬಂದಿತ್ತು.

ಧಿಡೀರ್ ಒಳ್ಳೆಯ ಹುಡುಗನೇ. ಹುಡುಗನೆಂದರೆ ನಲವತ್ತರ ಹತ್ತಿರ. ಕೆಲಸ ಹೇಳುವ ಮೊದಲೇ ಮುಗಿಸಿರುತ್ತಿದ್ದ. ಅದೇ ತೊಂದರೆ. ಅವನ ತಿದ್ದುಪಡಿ ಒಂದೇ ಸಲಕ್ಕೆ ಹದಿನಾರು ಡಬ್ಬಿಗೆ ಮೊಳೆ ಹೊಡೆಯುತ್ತಿತ್ತು. ಹದಿನಾರನೆಯದು ಕೆಟ್ಟರೆ 'ಆಗಲಿಲ್ಲ' ಎಂದು ಹೇಳಿ ಹೊರಟುಹೋಗುತ್ತಿತ್ತು. ಮೊದಲು ಹೊಡೆದ ಹದಿನೈದನ್ನು ಕೀಳುವವರು ಯಾರೂ ಇರಲಿಲ್ಲ.

ಅದನ್ನು ಒಪ್ಪಿದವರು ಯಾರು? ಪಕ್ಕದ ಮೇಜಿನ ಹೂಂ ಮಹಾಶಯ. ಅವನು ಯಾವುದಕ್ಕೂ ಬೇಡವೆಂದವನಲ್ಲ. ನಲವತ್ತು ಸೆಕೆಂಡಿನಲ್ಲಿ 'ಒಪ್ಪಿದೆ, ಚೆನ್ನಾಗಿದೆ' ಎಂದಿದ್ದ.

ಧಿಡೀರನ ತಿದ್ದುಪಡಿಯನ್ನು ಹೊರಗೆ ಹಾಕಿ, ಯಂತ್ರಗಳನ್ನು ಒಂದೊಂದಾಗಿ ಎಬ್ಬಿಸಿ, ಆಸ್ಪತ್ರೆಯ ಹೆಂಗಸು ಎದ್ದು ಕೂತಳೆಂದು ಅಕ್ಕ ಹೇಳುವ ಹೊತ್ತಿಗೆ ಒಂಬತ್ತಾಗಿತ್ತು. ಅಲ್ಪವಿರಾಮ ನೇರ ಹೂಂ ಮಹಾಶಯನ ಮೇಜಿಗೆ ಹೋದ.

"ಇದನ್ನ ಓದಿದ್ರಾ?"

"ಹೂಂ. ಓದಿದೆ ಅಂದ್ರೆ, ನೋಡಿದೆ."

"ಏನು ನೋಡಿದ್ರಿ?"

"ಬಂದಿದೆ ಅಂತ ನೋಡಿದೆ."

ಧಿಡೀರ್ ಕುರ್ಚಿ ತಿರುಗಿಸಿದ. "ಗುರುಗಳೇ, ತಪ್ಪಾಯ್ತು, ಬಿಡಿ. ನಿಮ್ಮ ರಾಜೀನಾಮೆ ಕಳಿಸ್ತೀನಿ ಅಂದಿದ್ರಲ್ಲ. ಕಳಿಸಿ, ಇಲ್ಲೇ ಕೂತು ಒಪ್ಪಿದೆ ಹಾಕ್ತೀನಿ. ಆಮೇಲೆ ನಾನೇ ಹೊಣೆಗಾರ, ನೀವು ಸಮುದ್ರ ನೋಡ್ಕೊಂಡು ಆರಾಮಾಗಿರಿ."

ಆ ಕ್ಷಣದಲ್ಲಿ ಅವನು ಬಾಯಿ ಮುಚ್ಚಿಕೊಂಡು ಕಳಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

"ಓದಿ ಹಾಕ್ತೀಯೋ, ಓದದೆ ಹಾಕ್ತೀಯೋ?" ಎಂದು ಕೇಳಿದ.

"ಅದರಲ್ಲಿ ಓದೋದೇನಿದೆ ಗುರುಗಳೇ? ಎರಡು ವರ್ಷದಿಂದ ನೀವೇ ಓದ್ತಾ ಇದ್ದೀರಲ್ಲ."

ಹೂಂ ಮಹಾಶಯ ನಕ್ಕ. ಅಲ್ಪವಿರಾಮನಿಗೆ ಮೈಯೆಲ್ಲ ಉರಿಯಿತು. ಒಬ್ಬ ಹೆಂಗಸು ಎರಡು ತಾಸು ಕೊಳವೆಯಲ್ಲಿ ಅಲ್ಲಾಡದೆ ಮಲಗಿದ್ದಳು, ಇವರು ನಗುತ್ತಿದ್ದಾರೆ. ಹನ್ನೆರಡು ಗಂಟೆಯ ಸಭೆಯಲ್ಲಿ, ಯಾವತ್ತೂ ಹಿಂದಿನ ಕುರ್ಚಿಯಲ್ಲಿ ಕೂತು ಸಭೆಯ ಟಿಪ್ಪಣಿಯ ಕಾಗುಣಿತ ತಿದ್ದುತ್ತಿದ್ದವನು, ಎದ್ದು ನಿಂತು ಮಾತಾಡಿದ.

"ಮೇಡಂ, ಇನ್ನು ಮುಂದೆ ಈ ಡ್ರೈವರ್ ಬರಹದಲ್ಲಿ ಒಂದು ಚುಕ್ಕೆ ಅಲ್ಲಾಡಿದ್ರೂ ಅದನ್ನ ಹೊಣೆಗಾರನೇ ಓದಿ ಒಪ್ಪಬೇಕು. ಸಿಕ್ಕಸಿಕ್ಕವರು ಒಪ್ಪೋದು ನಿಲ್ಲಬೇಕು. ಇನ್ನೊಂದು, ತಾನು ಬರೆದದ್ದನ್ನ ತಾನೇ ಒಪ್ಪೋ ಹಾಗಿಲ್ಲ. ಹೊಣೆಗಾರನಿಗೂ ಬೇರೆ ಕಣ್ಣು ಬೇಕು. ಇವೆರಡು ನಿಯಮ ಇವತ್ತೇ ಯಂತ್ರಕ್ಕೆ ಹಾಕಿ. ಯಾರಿಗೂ ವಿನಾಯಿತಿ ಕೊಡಬೇಡಿ."

"ಯಾರಿಗೂ?" ಎಂದರು ಮೇಡಂ.

"ನನಗೂ."

ಕೋಣೆ ಚಪ್ಪಾಳೆ ತಟ್ಟಿತು. ಹೂಂ ಮಹಾಶಯ ಎಲ್ಲರಿಗಿಂತ ಜೋರಾಗಿ ತಟ್ಟಿದ. ಎರಡು ಕಣ್ಣೂ ಒಬ್ಬನದ್ದೇ ಬೇಕು, ಒಬ್ಬನದ್ದೇ ಇರಕೂಡದು ಎಂದು ಒಂದೇ ಉಸಿರಿನಲ್ಲಿ ಹೇಳಿದ್ದೇನೆ ಎನ್ನುವುದು ಹೇಳಿದವನಿಗೆ ಹೊಳೆಯಲಿಲ್ಲ, ಕೇಳಿದವರಿಗೂ ಹೊಳೆಯಲಿಲ್ಲ. ಮೇಡಂ ಅಲ್ಲೇ ಕೂತು ನಿಯಮಗಳನ್ನು ಹಾಕಿಸಿದರು. ಅಲ್ಪವಿರಾಮ ಎರಡು ವರ್ಷದಲ್ಲಿ ಮೊದಲ ಸಲ ಬುತ್ತಿಯನ್ನು ರುಚಿ ನೋಡಿ ಉಂಡ.

ಊಟದ ನಡುವೆ ಹೆಂಡತಿಯ ಫೋನು ಬಂತು. "ಕಳಿಸಿದ್ರಾ?"

"ಇವತ್ತು ಒಂದು ಒಳ್ಳೇ ಕೆಲಸ ಆಯ್ತು ಕಣೇ."

"ಕಳಿಸಿದ್ರಾ ಅಂತ ಕೇಳಿದೆ."

"ಊಟ ಮುಗಿಸಿ ಕಳಿಸ್ತೀನಿ."

"ಪಾತ್ರೆ ಎಲ್ಲಾ ಕಟ್ಟಿದ್ದೀನಿ. ನಿಮ್ಮ ಲೋಟ ಕಟ್ಟಲೋ ಬೇಡ್ವೋ ಅಂತ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೀನಿ. ಅದಕ್ಕೆ ಕೇಳಿದೆ," ಎಂದು ಅವಳು ಫೋನು ಇಟ್ಟಳು.

ಅವನು ಊಟ ಮುಗಿಸಿ, ಕೈತೊಳೆದು, ಇಪ್ಪತ್ತಮೂರನೆಯ ತಿದ್ದುಪಡಿಯನ್ನು ಓದಲು ಕೂತ. 'ಕಾರಣಗಳಿಂದ' ಹೋಗಿ 'ಕಾರಣದಿಂದ' ಆಯಿತು. ಹಾಗಾದ ಮೇಲೆ ಮುಂದಿನ ಸಾಲಿನ 'ಇವುಗಳನ್ನು' ತಪ್ಪಾಗಿ ಕಂಡಿತು. ಅದನ್ನು ಎಳೆದರೆ ಅದರ ಮುಂದಿನದು ಸಡಿಲವಾಯಿತು. ಹಳೆ ಸ್ವೆಟರಿನ ಒಂದು ದಾರ ಎಳೆದವನ ಹಾಗೆ ಬಿಚ್ಚುತ್ತ ಹೋದ. ಇಪ್ಪತ್ತನಾಲ್ಕನೆಯದು ತಯಾರಾಗುವಷ್ಟರಲ್ಲಿ ಮೂರು ಗಂಟೆ. ಆಗ ಸ್ವಾಗತದ ಮೇಜಿನ ಹತ್ತಿರ ಗಲಾಟೆ ಕೇಳಿಸಿತು.

ಕೆಳಮನೆಯ ಅಂಕಲ್ ಬಂದಿದ್ದರು. ಇಸ್ತ್ರಿ ಮಾಡಿದ ಶರ್ಟು, ಬಗಲಲ್ಲಿ ಒಂದು ಲಕೋಟೆ, ಇನ್ನೊಂದು ಕೈಯಲ್ಲಿ ಮಡಿಸಿದ ಹೊದಿಕೆ. ಅದು ಇನ್ನೂ ಒದ್ದೆಯಿತ್ತು. ಅವರು ಮೇಡಂ ಎದುರು ನಿಂತು ಕೋರ್ಟಿನ ಕಂಠದಲ್ಲಿ ಅಹವಾಲು ಹೇಳುತ್ತಿದ್ದರು.

"ಕರ್ನಲ್ ಸಾಹೇಬರನ್ನ ಕಾಣಬೇಕು ತಾಯಿ. ಐದು ನಿಮಿಷ ಸಾಕು."

"ಅಂಥವರು ಇಲ್ಲಿ ಯಾರೂ ಇಲ್ಲವಲ್ಲ."

"ಗುಟ್ಟು ಅಂತ ಗೊತ್ತು. ನಾನು ಯಾರಿಗೂ ಹೇಳಲ್ಲ. ಅವರ ಡ್ರೈವರ್ ನಮ್ಮ ಮೇಲ್ಮನೆಯವನು. ಆರು ವರ್ಷದಲ್ಲಿ ಒಂದು ಅಪಘಾತ ಮಾಡಿದವನಲ್ಲ."

"ಬೆಳಿಗ್ಗೆನೇ ಒಂದಾಗಿದೆ," ಎಂದರು ಮೇಡಂ, ಯಾವ ಡ್ರೈವರ್ ಎಂದು ಈಗ ಅರ್ಥವಾಗುತ್ತ.

ಅಂಕಲ್ ಒಂದು ಕ್ಷಣ ತಬ್ಬಿಬ್ಬಾದರು. "ಪೆಟ್ಟಾಯ್ತಾ?"

"ಹದಿನೆಂಟು ಮಲಗಿಬಿಟ್ಟಿದ್ವು."

"ಅಯ್ಯೋ ಪಾಪ," ಎಂದು ಅಂಕಲ್ ಹತ್ತಿರದ ಕುರ್ಚಿಯಲ್ಲಿ ಕೂತರು. "ಅದಕ್ಕೇ ಬಿಟ್ಟುಹೋಗ್ತೀನಿ ಅಂತಿದ್ದಾನೆ. ಎರಡು ವರ್ಷದಿಂದ ರಾಜೀನಾಮೆ ಬರೀತಿದ್ದಾನೆ ತಾಯಿ, ಕೊಡೋಕೆ ಎದೆಯಿಲ್ಲ. ಅವನ ಪರವಾಗಿ ನಾನೇ ಟೈಪು ಮಾಡಿ ತಂದಿದ್ದೀನಿ, ಮೂರು ಪ್ರತಿ. ಸಂಸಾರಸ್ಥ. ಬಿಟ್ಟುಬಿಡಿ."

ಅಲ್ಪವಿರಾಮ ಬಾಗಿಲಲ್ಲಿ ನಿಂತಿದ್ದ. ಭೂಮಿ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದ. ಭೂಮಿಗೆ ಅವತ್ತು ಬೇರೆ ಕೆಲಸವಿತ್ತು. ಎಲ್ಲರೂ ನೋಡುತ್ತಿರುವಾಗಲೂ ಅವನ ಕಣ್ಣು ಅಂಕಲ್‌ರ ಕೈಯ ಪ್ರತಿಯ ಮೇಲೆ ಓಡಿತು. 'ರಾಜಿನಾಮೆ' ಎಂದಿತ್ತು. ದೀರ್ಘ ಬೇಕು ಎಂದು ನಾಲಿಗೆಯ ತುದಿಗೆ ಬಂದದ್ದನ್ನು ಕಷ್ಟಪಟ್ಟು ನುಂಗಿದ.

ಅಂಕಲ್ ಹೊರಟ ಮೇಲೆ ಮೇಡಂ ಅವನನ್ನು ಕೋಣೆಗೆ ಕರೆದರು. ಬೈಯುತ್ತಾರೆಂದುಕೊಂಡಿದ್ದ. ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು.

"ಎರಡು ವರ್ಷ ಯಾಕೆ ಇಟ್ಕೊಂಡ್ರಿ? ಹೇಳಿದ್ರೆ ನಾನು ಕಟ್ಟಿಹಾಕ್ತಿದ್ನಾ? ಹೋಗಿ. ಹೆಂಡತಿ ಮಕ್ಕಳ ಜೊತೆ ಇರಿ. ಬಿಡುಗಡೆ ಪತ್ರ ಬರೆದಿಡ್ತೀನಿ. ಪಟ್ಟಿಯಿಂದ ಹೆಸರು ಹೋದ ಕ್ಷಣ ಸಹಿ. ಆರರ ತನಕ ಇಲ್ಲೇ ಇರ್ತೀನಿ."

ಅವನು ತಲೆಯಾಡಿಸಿ ಹೊರಬಂದ. ಮೇಜಿಗೆ ಬಂದು ಪತ್ರವನ್ನು ಮತ್ತೊಮ್ಮೆ ಓದಿದ, ಕೊನೆಯ ಸಲ ಎಂದು ಓದಿದ, ಕೊನೆಯ ಸಲ ಓದಿದ್ದು ಸರಿಯಾಗಿತ್ತೇ ಎಂದು ಓದಿದ. ಐದು ಗಂಟೆಗೆ, ಎದೆ ಗಟ್ಟಿ ಮಾಡಿ, ಗುಂಡಿ ಒತ್ತಿದ.

ಪರದೆಯ ಮೇಲೆ ಕೆಂಪಕ್ಷರ ಬಂತು. 'ಕಳಿಸಿದವರು: ಹೊಣೆಗಾರ. ಒಪ್ಪಬೇಕಾದವರು: ಹೊಣೆಗಾರ. ತಮ್ಮದನ್ನು ತಾವೇ ಒಪ್ಪುವಂತಿಲ್ಲ. ಸ್ವೀಕರಿಸಲಾಗಿಲ್ಲ.'

ಅವನು ಅದನ್ನು ಮೂರು ಸಲ ಓದಿದ. ಕಾಗುಣಿತದ ತಪ್ಪು ಒಂದೂ ಇರಲಿಲ್ಲ.

ಮೇಡಂ ಪರದೆ ನೋಡಿ ಕನ್ನಡಕ ತೆಗೆದು ಒರೆಸಿದರು. "ನೀವೇ ತಾನೇ ಕೇಳಿದ್ದು? ನನಗೂ ವಿನಾಯಿತಿ ಬೇಡ ಅಂದ್ರಿ. ಹಾಕಿದ ನಿಯಮ ತೆಗೀಬೇಕಾದ್ರೆ ಮೇಲಿನವರ ಸಹಿ ಬೇಕು. ಅವರು ಸಿಗೋದು ಸೋಮವಾರ."

"ಸೋಮವಾರದ ಹೊತ್ತಿಗೆ ಆ ಜಾಗ ಹೋಗಿರುತ್ತೆ ಮೇಡಂ."

"ನನಗೆ ಬರಹದಲ್ಲಿ ಕೈಹಾಕೋ ಅಧ್ಯಕಾರ ಇಲ್ಲ. ನಾನು ಸಹಿ ಹಾಕೋಳು ಅಷ್ಟೆ."

ಅಂಥ ಹೊತ್ತಿನಲ್ಲೂ ಅವನಿಗೆ 'ಅಧಿಕಾರ' ಎಂದು ತಿದ್ದಬೇಕೆನ್ನಿಸಿತು.

ಉಪಾಯ ಹೇಳಿದ್ದು ಯಂತ್ರಕೋಣೆಯ ಅಕ್ಕ. ಶಾಲು ಸರಿಮಾಡಿಕೊಳ್ಳುತ್ತ, "ನೀವು ಕಳಿಸಬಾರದು, ಅಷ್ಟೇ ತಾನೇ ಸರ್? ಬೇರೆಯವರು ಕಳಿಸಲಿ. ನೀವು ಒಪ್ಪಿ. ಅಲ್ಲಿಗೆ ಎರಡು ನಿಯಮವೂ ಬದುಕಿತು, ನೀವೂ ಬದುಕಿದ್ರಿ," ಎಂದರು.

ಅಲ್ಪವಿರಾಮ ಓಡಿದ. ಧಿಡೀರ್ ಚೀಲ ಹೆಗಲಿಗೇರಿಸಿ, ಹೂಂ ಮಹಾಶಯನ ಜೊತೆ ಐದೂಮುಕ್ಕಾಲರ ರೈಲಿಗೆ ಹೊರಟು ನಿಂತಿದ್ದ. ವಿಷಯ ಕೇಳಿದವನು ಚೀಲವನ್ನೂ ಇಳಿಸದೆ ಕೂತ. ಅವನ ಬೆರಳುಗಳು ಹುರಿಯುವ ಬಾಣಲೆಯಲ್ಲಿ ಕಾಳು ಸಿಡಿದ ಹಾಗೆ ಓಡಿದವು.

"ಬೆಳಿಗ್ಗೆಯಿಂದ ಮನಸ್ಸಿಗೆ ಒಂಥರಾ ಆಗಿತ್ತು ಗುರುಗಳೇ. ನನ್ನಿಂದ ನಿಮಗೆ ತೊಂದರೆ ಆಯ್ತು. ಈಗ ಸರಿಹೋಯ್ತು ನೋಡಿ. ನಿಮ್ಮ ಹೆಸರು ತೆಗೆದೆ, ನನ್ನ ಹೆಸರು ಹಾಕಿದೆ, ಕಳಿಸಿದೆ. ನೀವು 'ಒಪ್ಪಿದೆ' ಅನ್ನಿ, ಹೋಗಿ ರೈಲು ಹತ್ತಿ."

"ಲಾರಿ," ಎಂದ ಅಲ್ಪವಿರಾಮ.

"ಲಾರಿ ಹತ್ತಿ. ಬರ್ತೀನಿ ಗುರುಗಳೇ. ನಮ್ಮ ರೈಲಲ್ಲಿ ಫೋನು ಸಿಗಲ್ಲ, ಸುರಂಗ ಜಾಸ್ತಿ. ಹೋಗಿ ತಲುಪಿದ ಮೇಲೆ ಹೇಳಿ." ಇಬ್ಬರೂ ಓಡಿದರು. ಕಚೇರಿಯಲ್ಲಿ ಉಳಿದವರು ಮೇಡಂ, ಅಕ್ಕ ಮತ್ತು ಅವನು.

ಅವನ ಅಂಚೆಪೆಟ್ಟಿಗೆಗೆ ಧಿಡೀರ್ ಕಳಿಸಿದ ತಿದ್ದುಪಡಿ ಬಂದಿತ್ತು. ಹಸಿರು ಗುಂಡಿಯ ಮೇಲೆ 'ಒಪ್ಪಿದೆ' ಎಂದಿತ್ತು. ಗಡಿಯಾರ ಐದು ನಲವತ್ತೆರಡು. ಬಾಗಿಲಾಚೆ ಮೇಡಂ ಪೆನ್ನಿನ ಮುಚ್ಚಳ ತೆಗೆದಿಟ್ಟುಕೊಂಡು ಕೂತದ್ದು ಕಾಣುತ್ತಿತ್ತು.

ಹನ್ನೊಂದು ವರ್ಷ ಇದ್ದ ಅವನ ಹೆಸರು ಪಟ್ಟಿಯಲ್ಲಿ ಕೆಂಪು ಗೆರೆಯೊಳಗಿತ್ತು, ಅದರ ಕೆಳಗೆ ಹಸಿರಿನಲ್ಲಿ ಧಿಡೀರನ ಹೆಸರು. ಬೆರಳು ಗುಂಡಿಯ ಮೇಲಿಟ್ಟ. ಅಷ್ಟಕ್ಕೆ ಒತ್ತಿಬಿಡಬಹುದಿತ್ತು. ಆದರೆ ಪುಟ ಅಲ್ಲಿಗೆ ಮುಗಿದಿರಲಿಲ್ಲ. ಇನ್ನೂ ಕೆಳಗೆ ಏನೋ ಇತ್ತು. ಪುಟ ಮುಗಿಯದೆ ಒಪ್ಪುವುದು ಅವನ ಜಾತಕದಲ್ಲೇ ಇರಲಿಲ್ಲ.

ಕೆಳಗೆ ಧಿಡೀರ್ ಬರೆದಿದ್ದ: 'ಹೇಗೂ ಕಳಿಸುತ್ತಿದ್ದೇನಲ್ಲ, ಬೆಳಗಿನದ್ದನ್ನೂ ಸರಿಮಾಡಿ ಇದರಲ್ಲೇ ಸೇರಿಸಿದ್ದೇನೆ. ಗುರುಗಳಿಗೆ ಕಾಣಿಕೆ.'

ಅಲ್ಪವಿರಾಮ ಕನ್ನಡಕ ಮೇಲೆ ತಳ್ಳಿದ. ಹುಡುಗ ನಿಜಕ್ಕೂ ಸರಿಮಾಡಿದ್ದ. ಹದಿನಾರನೆಯ ಡಬ್ಬಿ ಕೆಟ್ಟರೆ ಹಿಂದಕ್ಕೆ ಹೋಗಿ ಹೊಡೆದ ಮೊಳೆಗಳನ್ನೆಲ್ಲ ಕೀಳಲು ಬರೆದಿದ್ದ. ಆದರೆ ಯಂತ್ರಗಳ ಲೋಕದಲ್ಲಿ ಎಣಿಕೆ ಶುರುವಾಗುವುದು ಸೊನ್ನೆಯಿಂದ. ಅವಸರದಲ್ಲಿ ಧಿಡೀರ್ ಮನುಷ್ಯರ ಹಾಗೆ ಒಂದರಿಂದ ಎಣಿಸಿದ್ದ. ಸೊನ್ನೆಯ ಡಬ್ಬಿಯ ಮೊಳೆ ಹಾಗೇ ಉಳಿಯುತ್ತಿತ್ತು.

ಹದಿನೈದು ಉಳಿಯುವಾಗ ಹನ್ನೆರಡು ತಾಸಿಗೆ ಗೂಡು ತುಂಬಿತ್ತು. ಒಂದೇ ಉಳಿದರೆ ನೂರ ಎಂಬತ್ತು ತಾಸು. ಬೆರಳು ಮಡಿಸಿ ನೋಡಿದ. ಮುಂದಿನ ಶನಿವಾರ ಬೆಳಿಗ್ಗೆ ಆರಕ್ಕೆ. ಅಷ್ಟು ಹೊತ್ತಿಗೆ ಅವನು ಸಮುದ್ರದ ಪಕ್ಕ ಇರುತ್ತಾನೆ. ಫೋನು ಹೋಗುವುದು ಧಿಡೀರನಿಗೆ. ಯಾರೂ ಇವನನ್ನು ಕೇಳುವುದಿಲ್ಲ. ಕೇಳಿದರೂ, ನೋಡಿದೆ, ಬಂದಿದೆ ಅಂತ ನೋಡಿದೆ ಎನ್ನಬಹುದು.

ಧಿಡೀರನಿಗೆ ಫೋನು ಮಾಡಿದ. ಸಿಗಲಿಲ್ಲ. ತಾನೇ ಸೊನ್ನೆ ಹಾಕಿದರೆ ಬರಹ ತನ್ನದಾಗುತ್ತದೆ, ತನ್ನದನ್ನು ತಾನು ಒಪ್ಪುವ ಹಾಗಿಲ್ಲ. ಬರಹದಲ್ಲಿ ಕೈಹಾಕುವ ಅಧಿಕಾರ ಮೇಡಂ ಹಾಗೆ ಅಕ್ಕನಿಗೂ ಇರಲಿಲ್ಲ. ಗಡಿಯಾರ ಐದು ಐವತ್ತು.

"ಅಕ್ಕಾ," ಎಂದು ಕರೆದ. "ಬೆಳಿಗ್ಗೆ ಆ ಹೆಂಗಸು, ಎಷ್ಟು ವಯಸ್ಸಂತೆ?"

"ಗೊತ್ತಿಲ್ಲ ಸರ್. ಎಬ್ಬಿಸಿದ ಮೇಲೂ, ಇನ್ನು ಅಲ್ಲಾಡಬಹುದಾ ಅಂತ ಕೇಳಿದ್ರಂತೆ. ಯಾಕೆ?"

"ಸುಮ್ಮನೆ."

ಬೆರಳು ಗುಂಡಿಯಿಂದ ಎದ್ದಿತು. ಅವನು ಬರೆದ: 'ಒಂದು. ಒಂದು ತಿದ್ದುಪಡಿಯಲ್ಲಿ ಒಂದೇ ಕೆಲಸ ಇರಬೇಕು. ಎರಡು. ಎಣಿಕೆ ಸೊನ್ನೆಯಿಂದ ಶುರುವಾಗಬೇಕು. ಸರಿಮಾಡಿ ಮತ್ತೆ ಕಳಿಸಿ. ಒಪ್ಪಿಲ್ಲ.' ಅದು ಹೋಯಿತು. ಪಟ್ಟಿಯಲ್ಲಿ ಅವನ ಹೆಸರಿನ ಕೆಂಪು ಗೆರೆ ಅಳಿಸಿ, ಹೆಸರು ಹೊಸದಾಗಿ ಬರೆದ ಹಾಗೆ ಹೊಳೆಯಿತು.

ಐದು ಐವತ್ತೈದು. ಈಗ ಉಳಿದದ್ದು ಪ್ರಾಂಶುಪಾಲರಿಗೆ ಮೂರು ವಾರದಿಂದ ಬಾಕಿಯಿದ್ದ ಉತ್ತರ.

'ಮಾನ್ಯರೇ, ನನಗೆ ಬರಲು ಆಗುವುದಿಲ್ಲ. ಆ ಜಾಗವನ್ನು ಪಟ್ಟಿಯಲ್ಲಿ ಮುಂದಿನವರಿಗೆ ಕೊಡಿ. ತಡವಾಗಿ ತಿಳಿಸಿದ್ದಕ್ಕೆ ಕ್ಷಮೆಯಿರಲಿ.'

ಓದಿದ. ಇನ್ನೊಮ್ಮೆ ಓದಿದ. ಯಾವುದಾದರೂ ಒಂದು ತಪ್ಪು ಸಿಗಲಿ, ಅದನ್ನು ತಿದ್ದುವಷ್ಟರಲ್ಲಿ ಆರು ಹೊಡೆದುಹೋಗಲಿ, ಕಳಿಸುವುದು ತಪ್ಪಲಿ ಎಂದು ಅಕ್ಷರ ಅಕ್ಷರ ಹುಡುಕಿದ. ದೀರ್ಘಗಳು ದೀರ್ಘವಾಗಿದ್ದವು. ಏಕವಚನ ಏಕವಚನವಾಗಿತ್ತು. ಅವನು ಹುಟ್ಟಿದ ಮೇಲೆ ಬರೆದ ಪತ್ರಗಳಲ್ಲಿ ಮೊದಲ ಪ್ರತಿಯಲ್ಲೇ ಸರಿಯಿದ್ದದ್ದು ಇದೊಂದೇ.

ಫೋನು ಬಂತು.

"ಕಳಿಸಿದ್ರಾ?" ಎಂದಳು ಹೆಂಡತಿ. ಹಿಂದೆ ಮಗಳು ಹಾಳೆಯಲ್ಲಿ ಏನನ್ನೋ ಸುತ್ತಿ ಕಟ್ಟುತ್ತಿರುವ ಪರಪರ ಸದ್ದು.

"ಮುಂದೆ ಇದೆ. ಇನ್ನೊಂದು ಸಲ ಓದಿ..."

"ಬೇಡ ರೀ." ಅವಳ ದನಿ ಬೆಳಗಿನ ಹಾಗಿರಲಿಲ್ಲ, ಮೆತ್ತಗಿತ್ತು. "ನಿಮ್ಮ ಕೈ ಹಿಡಿದು ಕೇಳ್ಕೋತೀನಿ ಅಂದ್ಕೊಳ್ಳಿ. ಇದೊಂದು ಸಲ ಓದ್ಬೇಡಿ. ಹೇಗಿದ್ಯೋ ಹಾಗೆ ಕಳಿಸಿಬಿಡಿ."

"ಹೂಂ," ಎಂದ ಅಲ್ಪವಿರಾಮ, ಮತ್ತೆ ಓದದೆ ಕಳಿಸಿದ.